ಸಾಗರದಾಚೆ ಹರಿಕೀರ್ತನೆ: ಪರಮಹಂಸ ಯೋಗಾನಂದರು

ಬೆಟ್ಟದ ಮೆಟ್ಟಿಲು ಹತ್ತುವಾಗ ಮುಂದಿರುವವರೊಬ್ಬರು ನಾಮ ಹೇಳ್ತಾರೆ, ಹಿಂದಿನವರೆಲ್ಲ ಅದನ್ನೇ ತಿರುಗಿ ಹೇಳ್ತಾರೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಚಿಕ್ಕಂದಿನಿಂದ ಕಿವಿಗೆ ಬಿದ್ದಿರುತ್ತೆ. ಆದರೆ ಭಜನೆಯೆಂದರೇನೆಂದೇ ಅರಿಯದ ನಾಡಿನಲ್ಲಿ ಒಬ್ಬರು ಹಾಡಿದರೆ ತಿರುಗಿ ಹಾಡೋರು ಯಾರು? ಆ ಪರೀಕ್ಷೆಗೆ ನಿಂತವರು ಪರಮಹಂಸ ಯೋಗಾನಂದರು.

ಅವರು 1893ರ ಜನವರಿ 5ರಂದು ಗೋರಖಪುರದಲ್ಲಿ ಬಂಗಾಳಿ ಮನೆತನವೊಂದರಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಮುಕುಂದಲಾಲ್ ಘೋಷ್. ಶ್ರೀ ಯುಕ್ತೇಶ್ವರ ಗಿರಿಗಳಿಂದ ಸಂನ್ಯಾಸ ಪಡೆದು, 1920ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹಡಗು ಹತ್ತಿದರು. ದಾರಿಯಲ್ಲಿ ಸಹಪ್ರಯಾಣಿಕರು ಉಪನ್ಯಾಸ ಮಾಡಿರೆಂದು ಕೇಳಿದಾಗ ಇಂಗ್ಲಿಷಿನಲ್ಲಿ ಮಾತೇ ಹೊರಡದೆ ಹತ್ತು ನಿಮಿಷ ಸುಮ್ಮನೆ ನಿಂತುಬಿಟ್ಟರಂತೆ! ಗುರುಗಳನ್ನು ನೆನೆದ ಮೇಲೆ ಮಾತು ಹರಿಯಿತು.

ಅಮೆರಿಕದಲ್ಲಿ ಅವರ ಉಪನ್ಯಾಸಕ್ಕೆ ಜನ ಸೇರಿದರು. 1925ರಲ್ಲಿ ಲಾಸ್ ಏಂಜಲೀಸಿನ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಆಶ್ರಮವೂ ಆಯಿತು. ಆದರೆ ಕೂತು ಕೇಳುವುದು ಬೇರೆ, ಬಾಯಿಬಿಟ್ಟು ಹಾಡುವುದು ಬೇರೆ. ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಸಭಿಕರಿಂದಲೇ ಕೀರ್ತನೆ ಹಾಡಿಸಬೇಕೆಂದು ಅವರು ಹೊರಟಾಗ, ನಮ್ಮ ಹಾಡು ಇಲ್ಲಿನವರಿಗೆ ಹಿಡಿಸದು ಎಂದು ಸಂಗೀತ ಬಲ್ಲ ಆಪ್ತರೇ ಹಿಂದೇಟು ಹಾಕಿದರು. ಯೋಗಾನಂದರು ಕೇಳಲಿಲ್ಲ. 1926ರ ಏಪ್ರಿಲ್ 18ರಂದು, ಗುರುನಾನಕರ ಹರಿಕೀರ್ತನೆಯೊಂದನ್ನು ತಾವೇ ಇಂಗ್ಲಿಷಿಗೆ ತಂದಿದ್ದುದನ್ನು ಎತ್ತಿಕೊಂಡು, ಜೊತೆಗೆ ಹಾಡುವಂತೆ ಸಭೆಯನ್ನು ಕೇಳಿಕೊಂಡರು. ಅಂಥದ್ದನ್ನು ಹಿಂದೆಂದೂ ಹಾಡಿರದ 3000 ಮಂದಿ ದನಿಗೂಡಿಸಿದರು. ನಿಲ್ಲಿಸಲಿಲ್ಲ! ಒಂದೇ ಕೀರ್ತನೆ 1 ಗಂಟೆ 25 ನಿಮಿಷ ನಡೆಯಿತು. ನಮ್ಮ ಏಕಾದಶಿ ಭಜನೆಯಲ್ಲೂ ಅಷ್ಟು ಹೊತ್ತು ಒಂದೇ ಪದ ಹಿಡಿದು ಕೂರೋದು ಕಷ್ಟವೇ.

ಹರಿಕೀರ್ತನೆಯನ್ನು ಇಂಗ್ಲಿಷಿನಲ್ಲಿ ಹಾಡಬಹುದೇ ಎಂದು ಮೂಗು ಮುರಿಯುವವರುಂಟು. ಹಾಡುವವರಿಗೆ ಅರ್ಥ ತಿಳಿಯಬೇಡವೇ? ನಮ್ಮ ಹರಿದಾಸರು ಕನ್ನಡದಲ್ಲಿ ಹಾಡಿದ್ದೂ ಅದಕ್ಕೇ ತಾನೇ.

1935ರಲ್ಲಿ ತಾಯ್ನಾಡಿಗೆ ಬಂದಾಗ ಅವರು ಅಮೆರಿಕದ ಶಿಷ್ಯರೊಬ್ಬರ ಜೊತೆ ಮೈಸೂರಿಗೂ ಬಂದಿದ್ದರು. ಬೆಂಗಳೂರಿನ ಪುರಭವನದಲ್ಲಿ ಅವರ ಮಾತು ಕೇಳಲು 3000ಕ್ಕೂ ಹೆಚ್ಚು ಜನ ಸೇರಿದ್ದರು. ಇಂಗ್ಲಿಷ್ ಕೀರ್ತನೆಗಳ ಪುಸ್ತಕ 1938ರಲ್ಲಿ ಅಚ್ಚಾಯಿತು. ಬಹಳ ಮಂದಿ ಓದಿರುವ ಆತ್ಮಕಥೆ ಬಂದಿದ್ದು 1946ರಲ್ಲಿ.

1952ರ ಮಾರ್ಚ್ 7ರಂದು ಲಾಸ್ ಏಂಜಲೀಸಿನಲ್ಲಿ ಭಾರತದ ರಾಯಭಾರಿಗೆ ಏರ್ಪಡಿಸಿದ್ದ ಔತಣಕೂಟದಲ್ಲಿ, ತಾಯ್ನಾಡನ್ನು ಕುರಿತು ಮಾತಾಡಿ ಮುಗಿಸುತ್ತಿದ್ದಂತೆ ಅವರು ದೇಹ ಬಿಟ್ಟರು.