ಕಿಟ್ಟೆಲ್ ಅಯ್ಯನವರ ಜೀವಿತವೂ ಸಂತುಷ್ಟಿಯ ಪಾಠವೂ

ನವಲಗುಂದ ಸೀಮೆಯ ಯಮನೂರೆಂಬ ಗ್ರಾಮವು ಬೆಣ್ಣಿಹಳ್ಳದ ದಡದಲ್ಲಿರುವದು. ರಾಜಾ ಬಾಗಸವಾರನೆಂದೂ ಚಾಂಗದೇವನೆಂದೂ ಎರಡು ಹೆಸರುಗಳಿಂದ ಕರೆಯಲ್ಪಡುವ ಸಂತನ ನಿಮಿತ್ತವಾಗಿ ಹಿಂದುಗಳೂ ಮುಸಲ್ಮಾನರೂ ಅಲ್ಲಿಯ ಜಾತ್ರೆಗೆ ಒಟ್ಟಾಗಿ ಕೂಡುವದರಿಂದ ಆ ಊರಿನ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಆದರೆ ಹಳ್ಳದ ದಡದ ಒಕ್ಕಲಿಗನಿಗೆ ನೀರೇ ದೊಡ್ಡ ಚಿಂತೆ. ಮಳೆ ಹೆಚ್ಚಿದ ವರುಷ ಹಳ್ಳವು ದಡ ಮೀರಿ ಎರೆಹೊಲಗಳನ್ನು ಮುಳುಗಿಸುವದು. ಮಳೆ ತಪ್ಪಿದ ವರುಷ ಅದೇ ಎರೆಯು ಬಿರುಕುಬಿಟ್ಟು ಹಿಂಗಾರಿ ಜೋಳವನ್ನೂ ಕಡಲೆಯನ್ನೂ ತನ್ನೊಳಗೇ ಒಣಗಿಸುವದು. 1980ನೆಯ ಇಸವಿ ಜುಲೈ ತಿಂಗಳಲ್ಲಿ ನವಲಗುಂದ ನರಗುಂದಗಳ ರೈತರು ಮಲಪ್ರಭಾ ನೀರಾವರಿಯ ಕರದ ವಿಷಯವಾಗಿ ಎದ್ದುನಿಂತದ್ದನ್ನೂ, ಗುಂಡುಹಾರಿ ಜೀವಗಳು ಹೋದದ್ದನ್ನೂ ಹಿರಿಯರು ಬಲ್ಲರು. 2016ನೆಯ ಇಸವಿ ಜುಲೈ ತಿಂಗಳಲ್ಲಿ ಮಹಾದಾಯಿ ನೀರಿನ ಮೊರೆಯು ನ್ಯಾಯಾಧಿಕರಣದಲ್ಲಿ ನಿರಾಕರಿಸಲ್ಪಟ್ಟಾಗ ಈ ಸೀಮೆಯು ಮತ್ತೊಮ್ಮೆ ಉರಿದೆದ್ದಿತು. ಆಗ ಲಾಠಿಯ ಪೆಟ್ಟುಗಳು ಯಮನೂರಿನ ಮನೆಯವರಿಗೂ ಬಿದ್ದವು.

ಇಂಥ ಊರುಗಳ ನಡುವೆ ವಾಸಿಸುವ ನಮ್ಮ ಸಭೆಗಳವರು ಒಂದು ಪ್ರಶ್ನೆಯನ್ನು ಎಷ್ಟೋ ಸಾರಿ ನಮ್ಮ ಮುಂದಿಟ್ಟಿದ್ದಾರೆ. ಇದ್ದುದರಲ್ಲಿ ಸಂತುಷ್ಟರಾಗಿರಬೇಕೆಂದು ಸತ್ಯವೇದವು ಕಲಿಸುವದಾದರೆ ನೀರು ಕೇಳುವದೂ ನ್ಯಾಯ ಕೇಳುವದೂ ಪಾಪವೋ? ಹಾಗೆ ಕೇಳಿದವನು ದೇವರಿಗೆ ತಿರುಗಿಬಿದ್ದವನೋ? ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾಗದು. ಸಂತುಷ್ಟಿಯ ಹೆಸರಿನಲ್ಲಿ ಬಡವನ ಬಾಯನ್ನು ಮುಚ್ಚಿಸಿದವರು ಉಂಟು. ನ್ಯಾಯದ ಹೆಸರಿನಲ್ಲಿ ದೇವರನ್ನೇ ದೂರಿ ಪ್ರಾರ್ಥನೆಯನ್ನು ಬಿಟ್ಟವರೂ ಉಂಟು.

ಅರಣ್ಯಕಾಂಡವನ್ನು ತೆರೆದು ನೋಡಿದರೆ ಒಂದೇ ಪುಸ್ತಕದಲ್ಲಿ ಭೂಮಿಯ ವಿಷಯವಾಗಿ ಎರಡು ಬಗೆಯ ಮಾತು ಕೇಳಿಬರುವದು. ಹದಿನಾರನೆಯ ಅಧ್ಯಾಯದಲ್ಲಿ ಕೋರಹನೊಡನೆ ಕೂಡಿಕೊಂಡ ದಾತಾನನೂ ಅಬೀರಾಮನೂ ಹೊಲಗಳೂ ದ್ರಾಕ್ಷೇತೋಟಗಳೂ ತಮಗೆ ಸಿಕ್ಕಲಿಲ್ಲವೆಂದು ಮೋಶೆಯನ್ನು ದೂರಿದರು. ತಮ್ಮನ್ನು ದಾಸರನ್ನಾಗಿ ಇಟ್ಟಿದ್ದ ಐಗುಪ್ತವನ್ನೇ ಹಾಲೂ ಜೇನೂ ಹರಿಯುವ ದೇಶವೆಂದು ಹೊಗಳಿದರು. ಮೋಶೆಯು ಕರೇಕಳುಹಿಸಿದಾಗ ಬರಲೊಲ್ಲೆವೆಂದರು. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳೂ ಭೂಮಿಯನ್ನೇ ಕೇಳಿದರು. ತಂದೆಗೆ ಗಂಡುಮಕ್ಕಳಿಲ್ಲದ ಮಾತ್ರಕ್ಕೆ ಅವನ ಸ್ವಾಸ್ತ್ಯವು ಅಳಿದುಹೋಗಬೇಕೋ ಎಂಬದು ಅವರ ಮೊರೆ. ಅವರು ಯಾಜಕನ ಮುಂದೆಯೂ ಪ್ರಧಾನರ ಮುಂದೆಯೂ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ನಿಂತು ಕೇಳಿದರು. ತಮ್ಮ ತಂದೆಯು ಕೋರಹನ ಗುಂಪಿನಲ್ಲಿ ಇದ್ದವನಲ್ಲವೆಂಬದನ್ನೂ ತಿಳಿಸಿದರು. ಅವರು ಕೇಳಿದ್ದು ನ್ಯಾಯವೆಂದು ಕರ್ತನು ತಾನೇ ತೀರ್ಪುಕೊಟ್ಟನು. ಇಬ್ಬರಿಗೂ ಕೊರತೆ ಇತ್ತು, ಇಬ್ಬರೂ ಬಾಯಿತೆರೆದರು; ಒಬ್ಬರು ಬರಲೊಲ್ಲದೆ ಹೋದರು, ಮತ್ತೊಬ್ಬರು ಬಂದು ನಿಂತರು. ತಿರುಗಿಬೀಳುವದಕ್ಕೂ ಮೊರೆಯಿಡುವದಕ್ಕೂ ಇರುವ ಅಂತರವು ಇದೇ ಎಂದು ನಮಗೆ ತೋರುತ್ತದೆ.

ಈ ಅಂತರವನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ಕಾಣಬೇಕೆಂದರೆ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಧಾರವಾಡದ ಕಾಲೇಜಿಗೆ ಹೆಸರು ಕೊಟ್ಟ ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರನ್ನು ದೊಡ್ಡ ಪಂಡಿತರೆಂದು ಎಲ್ಲರೂ ಬಲ್ಲರು. ಆದರೆ ಅವರ ಜೀವಿತದ ಬಹುಭಾಗವು ಬೇಡಿದ್ದು ದೊರೆಯದವನ ಜೀವಿತವಾಗಿತ್ತೆಂಬದನ್ನು ಬಲ್ಲವರು ಕಡಿಮೆ.

ಅವರು 1832ನೆಯ ಇಸವಿಯಲ್ಲಿ ಜರ್ಮನಿ ದೇಶದ ಉತ್ತರ ಕರಾವಳಿಯ ಪೂರ್ವ ಫ್ರೀಸಿಯ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. (ಅದೇ ವರುಷದಲ್ಲಿ ರೀವ್ ಎಂಬ ಮಿಶನೆರಿಯ ಕನ್ನಡ-ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಯಿತು, ಆ ಕೆಲಸವನ್ನು ಮೀರಿಸುವ ಕೂಸು ಸಮುದ್ರದಾಚೆ ತೊಟ್ಟಿಲಲ್ಲಿತ್ತೆಂದು ಯಾರಿಗೆ ತಾನೇ ಗೊತ್ತಿದ್ದೀತು?) ತಂದೆಯು ಸಭಾಪಾಲಕನು. ಹುಡುಗನು ಇಬ್ರಿಯ, ಗ್ರೀಕ್, ಲತೀನ್ ಮೊದಲಾದ ಭಾಷೆಗಳನ್ನು ಕಲಿತು, 1850ರಲ್ಲಿ ಬಾಸೆಲ್ ಪಟ್ಟಣದ ಮಿಶನ್ ಸೆಮಿನೆರಿಯನ್ನು ಸೇರಿ, 1853ರಲ್ಲಿ ಹಿಂದೂದೇಶಕ್ಕೆ ಕಳುಹಿಸಲ್ಪಟ್ಟನು. ಬಾಸೆಲಿನವರು ಈ ದೇಶಕ್ಕೆ ಬಂದದ್ದು 1834ರಲ್ಲಿ; 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ನಮ್ಮ ಸೀಮೆಯಲ್ಲಿ ಅವರ ಠಾಣ್ಯಗಳು ಎದ್ದಿದ್ದವು.

ತರುಣ ಕಿಟ್ಟೆಲರ ಹೃದಯದಲ್ಲಿ ಒಂದು ದೊಡ್ಡ ಆಶೆ ಇತ್ತು. ಅಪೋಸ್ತಲನಾದ ಪೌಲನು ಯೆಹೂದ್ಯರಿಗೆ ಯೆಹೂದ್ಯನಂತಾದ ಹಾಗೆ ತಾವು ಈ ದೇಶದವರಿಗೆ ಈ ದೇಶದವರಂತೆಯೇ ಆಗಬೇಕು. ಬಂಗಲೆಯೊಳಗಿದ್ದುಕೊಂಡು ಊರಿನವರಿಗೆ ಬೋಧಿಸುವದು ಸಾಲದು. ಜನರ ನಡುವೆ ವಾಸಿಸಿ ಅವರ ಮಾತು, ಹಾಡು, ಗಾದೆ, ಕಥೆಗಳನ್ನು ಕಲಿತು, ಅವುಗಳ ಮೂಲಕವೇ ಸುವಾರ್ತೆಯನ್ನು ಹೇಳಬೇಕು. ಧಾರವಾಡ ಸೀಮೆಯಲ್ಲಿ ಕಳೆದ ಮೊದಲ ವರುಷಗಳಲ್ಲಿ ಅವರು ಅದಕ್ಕಾಗಿಯೇ ತವಕಪಟ್ಟರು. ಆದರೆ ಜೊತೆಸೇವಕರಿಗೆ ಈ ರೀತಿಯು ಒಗ್ಗಲಿಲ್ಲ. ಭಿನ್ನಾಭಿಪ್ರಾಯವು ಬೆಳೆಯಿತು. ಬಾಸೆಲಿನ ಹಿರಿಯರೂ ಅವರ ಪಕ್ಷವನ್ನು ಹಿಡಿಯಲಿಲ್ಲ. ತಾನು ಬಯಸಿದ ಕೆಲಸದಿಂದ ತೆಗೆಯಲ್ಪಟ್ಟು ಅವರು ಕರಾವಳಿಗೆ, ಮಂಗಳೂರಿಗೆ, ಹೋಗಬೇಕಾಯಿತು. ಭಾಷೆಗೂ ಹಳೆಯ ಗ್ರಂಥಗಳಿಗೂ ಕೊಟ್ಟ ಹೊತ್ತು ಸುವಾರ್ತೆಯಿಂದ ಕಸಿದುಕೊಂಡ ಹೊತ್ತು ಎಂದು ಎಣಿಸುವವರು ಆ ಕಾಲದಲ್ಲಿ ಇದ್ದರು.

ಇಲ್ಲಿ ಒಂದು ಮಾತು. ಕಿಟ್ಟೆಲ್ ಅಯ್ಯನವರು ಮೃದುಸ್ವಭಾವದವರೂ ಎಲ್ಲಕ್ಕೂ ತಲೆಬಾಗುವವರೂ ಆಗಿದ್ದರೆಂದು ನಾವು ಬರೆದರೆ ಅದು ಸುಳ್ಳಾದೀತು. ಅವರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡುವವರಲ್ಲ. ಹಿರಿಯರೊಡನೆ ವಾದಿಸಿದರು, ತಮಗೆ ಸರಿತೋರಿದ್ದನ್ನು ಕೇಳಿದರು. ಈ ವಾದದಲ್ಲಿ ನ್ಯಾಯವೆಲ್ಲಾ ಒಂದೇ ಪಕ್ಷದಲ್ಲಿತ್ತೆಂದು ನಾವು ಹೇಳಲಾರೆವು. ಆದರೂ ನಮ್ಮ ಹಳ್ಳಿಯ ಸಭೆಗಳನ್ನು ನೋಡುವಾಗ ಆ ತರುಣನು ಕೇಳಿದ್ದು ಅಯುಕ್ತವಾಗಿರಲಿಲ್ಲವೆಂದು ನಮಗನಿಸುತ್ತದೆ. ಕೇಳಿದ್ದು ದೊರೆಯದೆ ಹೋದಾಗ ಅವರು ದಾತಾನ ಅಬೀರಾಮರಂತೆ ಗುಡಾರದೊಳಗೆ ಕುಳಿತು ಬರಲೊಲ್ಲೆನೆನ್ನಲಿಲ್ಲ, ಕರೆದ ದೇವರನ್ನು ಬಿಟ್ಟು ಹಡಗು ಹತ್ತಲೂ ಇಲ್ಲ. ಕೊಟ್ಟ ಸ್ಥಳದಲ್ಲಿ ಕೊಟ್ಟ ಕೆಲಸಕ್ಕೆ ಕೈಹಾಕಿದರು.

ಮಂಗಳೂರಿನಲ್ಲಿ ಮಿಶನಿನ ಅಚ್ಚುಕೂಟವಿತ್ತು. ಅಲ್ಲಿಂದ 1862ರಲ್ಲಿ ಅವರ ಕಥಾಮಾಲೆಯು ಹೊರಬಿತ್ತು. ಅದು ರಕ್ಷಕನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ, ಜನರು ರಾಗವಾಗಿ ಹಾಡುವಂತೆ ಹೇಳಿದ ಗ್ರಂಥ. ಊರೊಳಗೆ ವಾಸಿಸಿ ಮಾಡಬೇಕೆಂದಿದ್ದದ್ದನ್ನು ಊರಿನ ಹಾಡಿನೊಳಗೆ ಸೇರಿಕೊಂಡು ಮಾಡಿದರೆಂದು ಹೇಳಬಹುದು.

1860ರಲ್ಲಿ ಅವರು ಪೌಲೀನಳೆಂಬ ಕನ್ಯೆಯನ್ನು ವಿವಾಹವಾಗಿದ್ದರು. ನಾಲ್ಕು ವರುಷಗಳಾಗುವಷ್ಟರಲ್ಲಿ, 1864ರಲ್ಲಿ, ಆಕೆಯು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡಳು. 1867ರಲ್ಲಿ ಆಕೆಯ ತಂಗಿಯಾದ ಯೂಲಿಯೆಯು ಮಕ್ಕಳಿಗೆ ತಾಯಿಯಾಗಿ ಮನೆಗೆ ಬಂದಳು. ಹಿರಿಯರು ಕೊಡದೆ ಹೋದದ್ದರ ವಿಷಯದಲ್ಲಿ ಮನುಷ್ಯರನ್ನು ದೂರಬಹುದು; ಸಮಾಧಿಯ ಬಳಿ ಯಾರನ್ನು ದೂರುವದು? ಅಲ್ಲಿ ಎದುರಿಗೆ ನಿಲ್ಲುವವನು ದೇವರೊಬ್ಬನೇ. ನಮ್ಮ ಸಭೆಗಳಲ್ಲಿ ಪ್ರಾರ್ಥನೆಯನ್ನು ಬಿಟ್ಟವರಲ್ಲಿ ಹೆಚ್ಚಿನವರು ಬಡತನದಿಂದ ಬಿಟ್ಟವರಲ್ಲ, ಇಂಥ ಒಂದು ಗುಂಡಿಯ ಬಳಿಯಲ್ಲಿ ಬಿಟ್ಟವರು. ಯೋಬನು ಬೂದಿಯಲ್ಲಿ ಕುಳಿತು ಆಡಿದ ಮಾತುಗಳು ಬಹಳ ಕಠಿಣವಾದವುಗಳು. ಆದರೂ ಅವನು ಅವನ್ನು ದೇವರ ಬೆನ್ನ ಹಿಂದೆ ಆಡದೆ ದೇವರಿಗೇ ಆಡಿದನು. ಆದಕಾರಣವೇ ಕಡೆಗೆ ದೇವರು ಅವನನ್ನು ಮೆಚ್ಚಿ ಅವನ ಸ್ನೇಹಿತರನ್ನು ಗದರಿಸಿದನು. ಕಿಟ್ಟೆಲ್ ಅಯ್ಯನವರು ಆ ವರುಷದಲ್ಲಿ ದೇವರೊಡನೆ ಏನು ಮಾತಾಡಿದರೋ ಅದು ಅವರಿಗೂ ದೇವರಿಗೂ ಸೇರಿದ್ದು. ಅವರ ಕೈಗಳು ನಿಲ್ಲಲಿಲ್ಲವೆಂಬದು ಮಾತ್ರ ಲೋಕಕ್ಕೆ ಗೊತ್ತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಅಚ್ಚುಹಾಕಿಸಿದರು. ಇವು ಜೈನ ಪಂಡಿತರ ಗ್ರಂಥಗಳು. ಕ್ರೈಸ್ತ ಬೋಧಕನೊಬ್ಬನು ಇವುಗಳಿಗಾಗಿ ತಾಳೆಗರಿಗಳ ಮೇಲೆ ಕಣ್ಣು ಸವೆಸಿದ್ದು ಅನೇಕರಿಗೆ ಸೋಜಿಗವೆನಿಸಿತು. ಆದರೆ ಜನರ ಮಾತನ್ನು ಗೌರವಿಸದೆ ಜನರನ್ನು ಗೌರವಿಸುವದು ಹೇಗೆ?

ಈ ನಡುವೆ ನಿಘಂಟಿನ ಕೆಲಸವು ಅವರ ಮೇಲೆ ಬಂದಿತ್ತು. 1877ರಲ್ಲಿ ಅವರು ಜರ್ಮನಿಗೆ ಹೋದರು. ಹಳ್ಳಿಗಳ ಮಾತೂ ಪಂಡಿತರ ಸಹಾಯವೂ ಇಲ್ಲದೆ ಆ ಕೆಲಸವು ಅಲ್ಲಿ ಪೂರ್ಣವಾಗದೆಂದು ಕಂಡು, 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿಮಕ್ಕಳನ್ನು ಆ ದೇಶದಲ್ಲಿಯೇ ಬಿಟ್ಟು, ಮತ್ತೆ ಕನ್ನಡ ಸೀಮೆಗೆ ಬಂದರು. ಒಂಬತ್ತು ವರುಷ ಇಲ್ಲಿದ್ದರು. ಸಂತುಷ್ಟಿಯೆಂದರೆ ಕೈಕಟ್ಟಿ ಕೂರುವದೆಂದು ತಿಳಿಯುವವರು ಈ ಒಂಬತ್ತು ವರುಷಗಳನ್ನು ಆಲೋಚಿಸಲಿ. ತನ್ನ ಪಾಲಿನ ವಿಷಯದಲ್ಲಿ ತೃಪ್ತನಾದವನು ತನ್ನ ಕೆಲಸದ ವಿಷಯದಲ್ಲಿ ಅತೃಪ್ತನಾಗಿಯೇ ಇದ್ದನು: ಅರ್ಧ ಅರ್ಥ ತಿಳಿದ ಶಬ್ದವು ಅವರಿಗೆ ಸಾಲದು, ಒಂದು ಊರಿನಲ್ಲಿ ಕೇಳಿದ್ದು ಸಾಲದು. ಪೌಲನೂ ಹಾಗೆಯೇ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಅವನು ತೃಪ್ತಿಯನ್ನು ಕಲಿತುಕೊಂಡದ್ದಾಗಿ ಹೇಳುತ್ತಾನೆ, ಹುಟ್ಟುಗುಣವೆನ್ನುವದಿಲ್ಲ. ಅದನ್ನು ಬರೆದದ್ದು ಬೇಡಿಯಲ್ಲಿದ್ದಾಗ. ಆದರೂ ಅದೇ ಪೌಲನು ಫಿಲಿಪ್ಪಿ ಪಟ್ಟಣದ ಅಧಿಕಾರಿಗಳು ವಿಚಾರಣೆಯಿಲ್ಲದೆ ಹೊಡಿಸಿದ್ದಕ್ಕೆ ತನ್ನ ಹಕ್ಕನ್ನು ಎತ್ತಿಹೇಳಿ, ಅವರೇ ಬಂದು ತಮ್ಮನ್ನು ಸೆರೆಯಿಂದ ಹೊರಗೆ ಕರೆದುಕೊಂಡು ಹೋಗಬೇಕೆಂದು ಕೇಳಿದನು. ಲಾಠಿಯ ಪೆಟ್ಟು ತಿಂದ ಹಳ್ಳಿಗಳವರು ಈ ಕಥೆಯನ್ನು ಅಪೋಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಓದಿಕೊಳ್ಳಬಹುದು.

1892ರಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಅವರು ಈ ದೇಶವನ್ನು ಬಿಟ್ಟರು. 1894ರಲ್ಲಿ ನಿಘಂಟು ಮಂಗಳೂರಿನ ಮಿಶನ್ ಅಚ್ಚುಕೂಟದಲ್ಲಿ ಮುಗಿಯಿತು. ಸುಮಾರು 70,000 ಶಬ್ದಗಳು, 1,752 ಪುಟಗಳು. ಹಳಗನ್ನಡದ ಕವಿಗಳ ಮಾತಿನೊಂದಿಗೆ ಒಕ್ಕಲಿಗನ, ನೇಕಾರನ, ಅಡಿಗೆಮನೆಯ ಮಾತುಗಳೂ ಗಾದೆಗಳೂ ಅದರಲ್ಲಿವೆ, ಗಿಡಮರಗಳ ಹೆಸರುಗಳಿವೆ. ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲ್ಪಡುತ್ತಿದ್ದ ನಮ್ಮ ಈ ಸೀಮೆಯ ಮಾತುಗಳಿಗೆ ಪ್ರತ್ಯೇಕ ಗುರುತನ್ನು ಹಾಕಿದ್ದಾರೆ. ಊರೊಳಗೆ ವಾಸಿಸಲು ಅನುಮತಿ ದೊರೆಯದವರ ಪುಸ್ತಕದೊಳಗೆ ಊರೇ ಬಂದು ವಾಸವಾಗಿದೆ. ದಾತಾನನು ಐಗುಪ್ತದ ಕಡೆಗೆ ತಿರುಗಿ ನೋಡಿದನು. ಇವರು ತಮಗೆ ನಿರಾಕರಿಸಲ್ಪಟ್ಟ ಸೀಮೆಯ ಕಡೆಗೆ ನಾಲ್ವತ್ತು ವರುಷ ಪ್ರೀತಿಯಿಂದ ನೋಡಿದರು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಸನ್ಮಾನಿಸಿತು. ಅಷ್ಟು ಮಾನ ಬಂದ ಮೇಲೆ ವಿಶ್ರಮಿಸಿಕೊಳ್ಳಬಹುದಾಗಿತ್ತು. ಅವರು ಕನ್ನಡ ವ್ಯಾಕರಣವನ್ನು ಹಿಡಿದು ಕುಳಿತರು. ಹಳೆಯದು, ನಡುವಣದು, ಈಗಿನದು ಎಂಬ ಮೂರು ಅವಸ್ಥೆಗಳನ್ನೂ ಕೂಡಿಸಿ ಇಂಗ್ಲಿಷಿನಲ್ಲಿ ಬರೆದ ಆ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರುಷದ ದಶಂಬರ ತಿಂಗಳಲ್ಲಿ ಕಿಟ್ಟೆಲ್ ಅಯ್ಯನವರು ಟ್ಯೂಬಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.