ಬೆಳಕಿನ ಮೇಷ್ಟ್ರು ಮೊಹೊಲಿ-ನಾಜ್

ಕ್ಯಾಮೆರಾ ಇಲ್ಲದೆ ಛಾಯಾಚಿತ್ರ ಮೂಡಿಸಬಹುದೆಂದು ತೋರಿಸಿದವರಲ್ಲಿ ಲಾಸ್ಲೊ ಮೊಹೊಲಿ-ನಾಜ್ ಪ್ರಮುಖರು. 1895ರ ಜುಲೈ 20ರಂದು ಹಂಗೆರಿಯ ಹಳ್ಳಿಯೊಂದರಲ್ಲಿ ಜನಿಸಿದ ಅವರು ಓದಲು ಹೊರಟದ್ದು ಕಾನೂನನ್ನು. ಮೊದಲ ಮಹಾಯುದ್ಧ ಆ ಓದಿಗೆ ತಡೆಯೊಡ್ಡಿತು. ಫಿರಂಗಿ ದಳದಲ್ಲಿದ್ದು ಗಾಯಗೊಂಡ ಅವರು ಅಂಚೆ ಕಾರ್ಡುಗಳ ಮೇಲೆ ರೇಖಾಚಿತ್ರ ಬರೆಯುತ್ತಲೇ ಕಲೆಯತ್ತ ಹೊರಳಿದರು. 1920ರಲ್ಲಿ ಬರ್ಲಿನ್ ಸೇರಿದರು.

ಮರುವರ್ಷ ಪ್ರಾಗ್ ಮೂಲದ ಲೂಸಿಯಾ ಅವರನ್ನು ವಿವಾಹವಾದರು. 1922ರಿಂದ ದಂಪತಿಗಳು ಫೋಟೊಗ್ರಾಂ ಪ್ರಯೋಗದಲ್ಲಿ ತೊಡಗಿದರು. ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ವಸ್ತುವನ್ನಿರಿಸಿ ಬೆಳಕು ಹಾಯಿಸಿದರೆ, ಅದು ಮುಚ್ಚಿದ ಭಾಗ ಬಿಳಿಯಾಗಿ ಉಳಿದು ಸುತ್ತಲಿನದು ಕಪ್ಪಾಗುತ್ತದೆ. ಗಾಜಿನಂಥ ವಸ್ತುವಾದರೆ ನಡುವೆ ಬೂದುಬಣ್ಣದ ಛಾಯೆಗಳು ಮೂಡುತ್ತವೆ. ಉಪಾಯ ಹೊಸದಲ್ಲ, ಅದನ್ನು ಬೆಳಕಿನ ವ್ಯಾಕರಣವಾಗಿ ಪಾಠ ಮಾಡಿದ್ದು ಹೊಸದು.

1923ರಲ್ಲಿ ವಾಲ್ಟರ್ ಗ್ರೋಪಿಯಸ್ ಅವರ ಆಹ್ವಾನದ ಮೇರೆಗೆ ಬೌಹೌಸ್ ಶಾಲೆಯ ಅಧ್ಯಾಪಕರಾದರು. 1925ರಲ್ಲಿ ಚಿತ್ರಕಲೆ, ಛಾಯಾಗ್ರಹಣ, ಚಲನಚಿತ್ರ ಕುರಿತ ಅವರ ಗ್ರಂಥ ಪ್ರಕಟವಾಯಿತು. 1928ರಲ್ಲಿ ಶಾಲೆ ತೊರೆದರು. 1929ರ ಸ್ಟುಟ್‌ಗಾರ್ಟ್ ಪ್ರದರ್ಶನದಲ್ಲಿ ಛಾಯಾಗ್ರಹಣದ ಇತಿಹಾಸಕ್ಕೆ ಮೀಸಲಾದ ಕೊಠಡಿಯನ್ನು ರೂಪಿಸಿ, ಹಳೆಯ ಸಂಗ್ರಹದ ಚಿತ್ರಗಳ ಜೊತೆಗೆ ವೈಜ್ಞಾನಿಕ ಹಾಗೂ ಪತ್ರಿಕಾ ಚಿತ್ರಗಳಿಗೂ ಸ್ಥಾನ ನೀಡಿದರು. ಕಲಾವಿದರ ಕೈಚಳಕವೊಂದೇ ಛಾಯಾಗ್ರಹಣವಲ್ಲವೆಂಬ ಅವರ ನಿಲುವಿಗೆ ಇದು ಸಾಕ್ಷಿ.

ನಾಜಿ ಆಡಳಿತದಿಂದ ದೂರ ಸರಿದ ಅವರು ಲಂಡನ್ ಮೂಲಕ 1937ರಲ್ಲಿ ಷಿಕಾಗೊ ತಲುಪಿ ನ್ಯೂ ಬೌಹೌಸ್ ಆರಂಭಿಸಿದರು. ಒಂದೇ ವರ್ಷದಲ್ಲಿ ಅದು ಮುಚ್ಚಿತು. ಎದೆಗುಂದದೆ 1939ರಲ್ಲಿ ಮತ್ತೊಂದು ಶಾಲೆ ಕಟ್ಟಿದರು. ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 1946ರ ನವೆಂಬರ್ 24ರಂದು ನಿಧನರಾದಾಗ ವಯಸ್ಸು ಕೇವಲ 51.

ಈ ಕೀರ್ತಿಯ ಕಥೆಯಲ್ಲಿ ಲೂಸಿಯಾ ಅವರ ಪಾಲು ಬಹುಕಾಲ ಮರೆಯಲ್ಲೇ ಉಳಿಯಿತು. ಕತ್ತಲಕೋಣೆಯ ಕೌಶಲ ಹೆಚ್ಚಾಗಿ ಅವರದು. ಬೌಹೌಸ್ ಕಟ್ಟಡಗಳನ್ನೂ ವಸ್ತುಗಳನ್ನೂ ಗಾಜಿನ ನೆಗೆಟಿವ್‌ಗಳಲ್ಲಿ ದಾಖಲಿಸಿದವರೂ ಅವರೇ. 1929ರಲ್ಲಿ ಇಬ್ಬರೂ ಬೇರೆಯಾಗಿದ್ದರು. 1933ರಲ್ಲಿ ಲೂಸಿಯಾ ಜರ್ಮನಿ ತೊರೆಯುವಾಗ ಸುಮಾರು 560 ನೆಗೆಟಿವ್‌ಗಳನ್ನು ಬಿಟ್ಟುಹೋಗಬೇಕಾಯಿತು. ಅವು ಮೊಹೊಲಿ-ನಾಜ್ ಅವರ ಮೂಲಕ ಗ್ರೋಪಿಯಸ್ ಕೈಸೇರಿದವು. 1938ರ ನ್ಯೂಯಾರ್ಕ್ ಪ್ರದರ್ಶನದ ಪುಸ್ತಕದಲ್ಲಿ ಆ ಚಿತ್ರಗಳಿದ್ದವು, ತೆಗೆದವರ ಹೆಸರಿರಲಿಲ್ಲ. ದೀರ್ಘ ಹೋರಾಟದ ನಂತರ 1957ರಲ್ಲಿ ಲೂಸಿಯಾಗೆ ಮರಳಿ ದೊರೆತದ್ದು ಸುಮಾರು 230. ಕಾಣೆಯಾದವುಗಳ ವಿವರವನ್ನು ಅವರು ತಮ್ಮ ಕಾರ್ಡುಗಳಲ್ಲಿ ಬರೆದಿರಿಸಿದರು.