ಶಾಲೆಯ ನೆಲದಡಿ ಉಳಿದ ಕಾಗದಗಳು

ಕಂಪ್ಯೂಟರ್ ಮಾಹಿತಿಗೆ ಬ್ಯಾಕಪ್ ಇಡುವುದು ನನ್ನ ಕೆಲಸದ ಭಾಗ. ಪ್ರಾಣ ಒತ್ತೆಯಿಟ್ಟು ಅಂಥದೇ ಕೆಲಸ ಮಾಡಿದವರು ಯಹೂದಿ ಇತಿಹಾಸಕಾರ ಎಮ್ಯಾನುಯೆಲ್ ರಿಂಗೆಲ್‌ಬ್ಲೂಮ್. 1900ರಲ್ಲಿ ಹುಟ್ಟಿದ ಅವರು ಪೋಲೆಂಡಿನ ವಾರ್ಸಾದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದರು. 1940ರಲ್ಲಿ ನಾಜಿಗಳು ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ, ಗೆಳೆಯರೊಡನೆ ಗುಟ್ಟಾಗಿ ದಿನಚರಿ, ಪತ್ರ, ಪಡಿತರ ಚೀಟಿ, ಮಕ್ಕಳ ಪ್ರಬಂಧಗಳನ್ನೂ ಸಂಗ್ರಹಿಸಿದರು. ಸತ್ತವರ ಕಥೆಯನ್ನು ಕೊಂದವರಷ್ಟೇ ಹೇಳುವಂತಾಗಬಾರದೆಂಬುದು ಅವರ ಹಟ. 1942ರಲ್ಲಿ ಅವರ ಸಂಗಡಿಗ ಶಿಕ್ಷಕರೊಬ್ಬರು ಇಬ್ಬರು ಹಳೆಯ ವಿದ್ಯಾರ್ಥಿಗಳೊಡನೆ ಅವನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಶಾಲೆಯ ನೆಲಮಾಳಿಗೆಯಲ್ಲಿ ಹೂತರು. 1944ರಲ್ಲಿ ನಾಜಿಗಳು ರಿಂಗೆಲ್‌ಬ್ಲೂಮ್, ಪತ್ನಿ ಮತ್ತು ಮಗನನ್ನು ಕೊಂದರು. 1946ರಲ್ಲಿ ಪೆಟ್ಟಿಗೆಗಳು ಸಿಕ್ಕವು. ಆ ಜನರ ಮಾತು ಉಳಿಯಿತು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕ, ಫೋಟೊಗಳನ್ನು ರದ್ದಿಗೆ ಹಾಕದೆ ಜೋಪಾನ ಮಾಡೋಣ.